ಹಾವಿಗೆ ‘ರಿ’, ನನಗೆ ‘ಲೇ’

ದಸ್ತಗೀರಣ್ಣ ಹಾವನ್ನು ಬಹುವಚನದಲ್ಲಿ ಮಾತಾಡಿಸುತ್ತಿದ್ದ. ಸೌದೆ ಒಟ್ಟಿದ ಮೂಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಹತ್ತಿ ಬಡಿಯುವ ಕೋಲಿನಿಂದ ನೆಲ ತಟ್ಟುತ್ತಾ, “ಎದ್ದೇಳ್ರಿ ಯಜಮಾನ್ರೆ, ಹೊತ್ತೇರೈತೆ. ಬೇಲಿ ಕಡೆ ದಾರಿ ಬಿಟ್ಟೀವಿ, ನಿಧಾನಕ್ಕೆ ಹೋಗ್ರಿ” ಎನ್ನುತ್ತಿದ್ದ. ಅದೇ ಬಾಯಲ್ಲಿ ನನ್ನ ಕಡೆ ತಿರುಗಿ, “ಲೇ ಪರಮೇಶಿ, ಅಡ್ಡ ನಿಂತ್ಕಬ್ಯಾಡ, ಜಗಲಿ ಹತ್ತಲೇ” ಎನ್ನುತ್ತಿದ್ದ. ಅವನು ಹೇಳುವ ಮೊದಲೇ ನಾನು ಹತ್ತಿರುತ್ತಿದ್ದೆ ಎಂಬುದು ಬೇರೆ ಮಾತು.

ಹೊಸದುರ್ಗದಲ್ಲಿ ನಮ್ಮ ಮನೆಗೂ ಅವನ ಗಾದಿ ಅಂಗಡಿಗೂ ನಡುವೆ ಒಂದೇ ಗೋಡೆ. ದಿನವಿಡೀ ಹಾಸಿಗೆ, ದಿಂಬು ಹೊಲಿಯುತ್ತಿದ್ದವನ ಹುಬ್ಬು, ಮೀಸೆ, ಕಿವಿಯ ಕೂದಲಿಗೆಲ್ಲ ಹತ್ತಿ ಅಂಟಿಕೊಂಡು ನಡುವಯಸ್ಸಿಗೇ ಮುದುಕನ ಕಳೆ ಬಂದಿತ್ತು. ಆದರೂ ನನ್ನ ಹೆಂಡತಿ ಗಿರಿಜೆಯ ಕಣ್ಣಿಗೆ ಅವನ ಮುಂದೆ ಊರಲ್ಲಿ ಇನ್ನೊಬ್ಬ ಗಂಡಸಿರಲಿಲ್ಲ.

ಗಿರಿಜೆಯ ತವರು ಬಾಗೂರು. ಬಚ್ಚಲಿನ ಹಂಡೆ ಒಲೆಗೆ ಅಲ್ಲಿಂದಲೇ ಟ್ರ್ಯಾಕ್ಟರಿನಲ್ಲಿ ಜಾಲಿ ಸೌದೆ, ತೆಂಗಿನ ಮಟ್ಟೆ ಬರುತ್ತಿತ್ತು. ಅದರ ಜೊತೆಗೆ ಚೇಳು, ಜರಿ, ಹಾವುರಾಣಿ. ಆಮೇಲೆ ಇಲಿ, ಇಲಿಯ ಹಿಂದೆ ಹಾವು. “ನಿಮ್ಮ ತವರಿನವರು ಬಂದಾರೆ ನೋಡೇ” ಎಂದು ನಾನು ರೇಗಿಸಿದರೆ, “ಬಂದೋರನ್ನ ಮಾತಾಡ್ಸೋ ಧೈರ್ಯ ನಿಮಗಿಲ್ಲ, ದಸ್ತಗೀರಣ್ಣನ ಕರೀರಿ” ಎನ್ನುವಳು. ಕರೆಯಲು ಹೋಗಬೇಕಾದವನೂ ನಾನೇ. ಅವನು ಒಂದು ಹಾವನ್ನೂ ಮುಟ್ಟಿದವನಲ್ಲ, ಹೊಡೆದವನಲ್ಲ. ಈ ಬದಿಯಿಂದ ಒಂದೊಂದೇ ಕೊಂಬೆ ಎಳೆಯುವನು, ಆ ಬದಿಯಿಂದ ಅದು ಬೇಲಿಗೆ ಹರಿದು ಹೋಗುವುದು. ಅಷ್ಟಕ್ಕೇ ಗಿರಿಜೆ ಏಲಕ್ಕಿ ಜಜ್ಜಿ ಹಾಕಿ ಟೀ ಮಾಡುವಳು. ನನಗೆ ಬೆಳಗ್ಗೆ ಸಿಗುತ್ತಿದ್ದ ಟೀಯಲ್ಲಿ ಹಾಲೇ ಕಡಿಮೆ.

ಒಂದು ಸಲ ತಡೆಯಲಾರದೆ ಕೇಳಿಯೇಬಿಟ್ಟೆ. “ಅಲ್ಲ ದಸ್ತಗೀರಣ್ಣ, ಹಾವಿಗೆ ರಿ ಅಂತೀಯ, ನನಗೆ ಮಾತ್ರ ಲೇ ಅಂತೀಯಲ್ಲ?”

“ನೀನೇನು ಕಚ್ತೀಯೇನಲೇ?” ಎಂದ ಅವನು, ಟೀ ಊದುತ್ತಾ.

ಗಿರಿಜೆ ಅಡುಗೆಮನೆ ಬಾಗಿಲು ಹಿಡಿದುಕೊಂಡು ನಕ್ಕಳು. ಮದುವೆಯಾದಾಗಿನಿಂದ ನನ್ನ ಯಾವ ಮಾತಿಗೂ ಅವಳು ಹಾಗೆ ನಕ್ಕಿರಲಿಲ್ಲ. ಒಮ್ಮೆಯಾದರೂ ಇವಳ ಕಣ್ಣೆದುರು ಒಂದು ಹಾವನ್ನು ನಾನೇ ಸಾಗಹಾಕಬೇಕು ಎಂದು ಅಂದೇ ಹಟ ಹಿಡಿದೆ.

ನಮ್ಮ ಕಡೆ ಮನೆಯಲ್ಲಿ ಹೆಂಗಸರು ಹಾವಿನ ಹೆಸರೆತ್ತುವುದಿಲ್ಲ, ಹುಳ ಎನ್ನುತ್ತಾರೆ. ಒಂದು ಮಧ್ಯಾಹ್ನ ನನ್ನ ಮೊಬೈಲ್ ರಿಪೇರಿ ಅಂಗಡಿಗೆ ಗಿರಿಜೆಯ ಫೋನು ಬಂತು. “ಸೌದೇಲಿ ಹುಳ ಐತೆ ಕಣ್ರಿ, ಬರ್ತಾ ಏನಾರ ತಗಂಡ್ ಬರ್ರಿ.” ದಸ್ತಗೀರಣ್ಣನ ಹೆಸರೇ ಇಲ್ಲ! ಪಕ್ಕದ ವೆಲ್ಡಿಂಗ್ ಅಂಗಡಿಯಿಂದ ಕಬ್ಬಿಣದ ರಾಡು ಇಸಿದುಕೊಂಡು ಓಡಿದೆ. “ಯಾರೂ ಹತ್ರ ಬರಬ್ಯಾಡ್ರಿ” ಎಂದು ಬೀದಿಗೆಲ್ಲ ಕೂಗಿದೆ. ಬರಬೇಡಿ ಎಂದದ್ದಕ್ಕೇ ಎಲ್ಲರೂ ಬಂದರು. ಸೌದೆಗೆ ಬಡಿದೇ ಬಡಿದೆ. ಗಿರಿಜೆ ಬಾಗಿಲಲ್ಲಿ ನಿಂತು ಕೈಯಾಡಿಸುತ್ತಾ ಏನೋ ಹೇಳುತ್ತಿದ್ದಳು, ಆ ಸದ್ದಿನಲ್ಲಿ ಕೇಳಿಸಲಿಲ್ಲ.

ದಸ್ತಗೀರಣ್ಣ ಜನರ ನಡುವಿನಿಂದ ಬಂದು ಒಂದು ಕೊಂಬೆ ಎತ್ತಿ ಅಂಗೈಗೆ ತಟ್ಟಿಕೊಂಡ. ಹಳದಿ ಹುಡಿ ಉದುರಿತು. ಅದು ಸೌದೆ ಕೊರೆಯುವ ಹುಳ. ಗಿರಿಜೆ ತರಲು ಹೇಳಿದ್ದು ಅದಕ್ಕೆ ಹೊಡೆಯುವ ಔಷಧಿಯನ್ನು. ಅವನು ನನ್ನ ಮುಖ ನೋಡಿದ, ರಾಡು ನೋಡಿದ. ಅಂಗೈಯನ್ನು ಮೆಲ್ಲಗೆ ಲುಂಗಿಗೆ ಒರೆಸಿಕೊಂಡು ಬೀದಿಯವರ ಕಡೆ ತಿರುಗಿ, “ಹೋತ್ರಪ್ಪ, ಬೇಲಿ ದಾಟಿತು. ನಮ್ಮ ಪರಮೇಶಿ ಹೊಡೆತಕ್ಕೆ ಹೆದ್ರಿ ಓಡ್ತು. ನಡೀರಿ, ಹೋಗಾಣ” ಎಂದ.

ನಕ್ಕಿದ್ದರೆ ಜಗಳವಾದರೂ ತೆಗೆಯಬಹುದಿತ್ತು. “ಎಂಥಾ ದೊಡ್ಡ ಮನಸ್ಸು ನೋಡ್ರಿ ದಸ್ತಗೀರಣ್ಣಂದು” ಎಂದಳು ಗಿರಿಜೆ. ವಾರವಿಡೀ ನನಗೆ ಊಟ ರುಚಿಸಲಿಲ್ಲ.

ಹೋದ ಚಳಿಗಾಲದಲ್ಲಿ ಅವನು ತೀರಿಕೊಂಡ. ಮಧ್ಯಾಹ್ನದ ನಮಾಜು ಮುಗಿಸಿ ಬಂದು, ಹೊಲಿಯುತ್ತಿದ್ದ ಗಾದಿಗೇ ಒರಗಿದವನು ಮತ್ತೆ ಏಳಲಿಲ್ಲ. ಮಣ್ಣಿಗೆ ನಾನೂ ಹೋಗಿದ್ದೆ.

ಬೇಸಿಗೆಯಲ್ಲಿ ಸೌದೆಯೊಳಗೆ ನಿಜವಾದ ಹಾವೇ ಸೇರಿಕೊಂಡಿತು. ಗಿರಿಜೆ ಗೋಡೆಯ ಕಡೆ ತಿರುಗಿ “ದಸ್ತ...” ಎಂದವಳು ಅಲ್ಲಿಗೇ ನಿಲ್ಲಿಸಿದಳು. ನಾನು ಜಗಲಿ ಇಳಿದೆ. ಮೊದಲು ಒಂದೊಂದೇ ಕೊಂಬೆ ಎಳೆದೆ, ಆಮೇಲೆ ಹೆದರಿಕೆ ಹೆಚ್ಚಾಗಿ ಸಿಕ್ಕಿದ್ದನ್ನೆಲ್ಲ ಎತ್ತಿ ಎಸೆದೆ. ಮಾರುದ್ದದ ಕೇರೆ ಹಾವೊಂದು ಬೇಲಿಯೊಳಗೆ ನುಸುಳಿ ಮರೆಯಾಯಿತು. ಇಷ್ಟು ವರ್ಷ ಕಾದದ್ದು ಇದಕ್ಕೇ. ಬೆವರು ಒರೆಸಿಕೊಂಡು ಗಿರಿಜೆಯ ಕಡೆ ತಿರುಗಿದೆ.

ಅವಳು ಅಂಗಳದ ತುಂಬ ಚೆಲ್ಲಿದ್ದ ಸೌದೆಯನ್ನು ನೋಡುತ್ತಿದ್ದಳು. “ದಸ್ತಗೀರಣ್ಣ ಆಗಿದ್ರೆ ಎಲ್ಲಾ ವಾಪಸ್ ಒಟ್ಟಿ ಹೋಗೋನು” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ನನ್ನ ಹೊಟ್ಟೆ ಉರಿಯಿತು. ಸತ್ತು ಮಣ್ಣಾದವನ ಮೇಲೂ ಉರಿಯಿತು. “ನಾನೂ ಒಟ್ತೀನಿ ಬಿಡೇ” ಎಂದೆ. ಬಗ್ಗಿ, ಅವನ ಹಾಗೆಯೇ ಒಂದೊಂದೇ ಕೊಂಬೆ ಎತ್ತಿ ಮೂಲೆಗೆ ಒಟ್ಟತೊಡಗಿದೆ.