ರೇಷ್ಮೆ ತುಂಬಿದ ಬೂಟು

ಗೆಳೆಯರೇ, ಕಾರ್ಡು ಒಂದೇ, ಮೂವರೂ ಓದಿಕೊಳ್ಳಿ. ಇವತ್ತು ಸಂಜೆಯಷ್ಟೇ ಮಾನ ಕಳೆದುಕೊಂಡೆ, ಬಿಸಿ ಆರುವ ಮುಂಚೆ ಬರೆಯುತ್ತಿದ್ದೇನೆ.

ಯಳಂದೂರಿನ ಶಾಲೆಗೆ ಡ್ರಿಲ್ ಮೇಷ್ಟ್ರಾಗಿ ಬಂದು ನನಗಿನ್ನೂ ತಿಂಗಳಾಗಿಲ್ಲ. ಭಾನುವಾರ ಕೊಳ್ಳೇಗಾಲದವರ ಮೇಲೆ ನಮ್ಮ ಹುಡುಗರ ಹಾಕಿ ಮ್ಯಾಚು. ಅದಕ್ಕೆಂದೇ ಕೊಂಡ ಹೊಸ ಬೂಟಿನಲ್ಲಿ ಓಡಿದರೆ ಹಿಮ್ಮಡಿ ಮೇಲೆದ್ದು ಬರುತ್ತಿತ್ತು. ಮಾಂಬಳ್ಳಿಯ ಭಾವನ ಮನೆಯಲ್ಲಿ ನೂಲು ತೆಗೆದು ಉಳಿದ ರೇಷ್ಮೆ ಬೇಕಾದಷ್ಟು ಬಿದ್ದಿರುತ್ತದೆ. ಒಂದು ಹಿಡಿ ತಂದು ಹಿಮ್ಮಡಿಯ ಹಿಂದೆ ತುರುಕಿದೆ. ಇಂಥ ಬೂಟು ಮಹಾರಾಜರಿಗೂ ಇರಲಾರದು ಅಂದುಕೊಂಡೆ.

ಗೋಲು ಹೊಡೆಯುವುದು ಹೇಗೆಂದು ತೋರಿಸಲು ಓಡಿಬಂದು ಕೋಲು ಬೀಸಿದೆ. ಚೆಂಡು ಇದ್ದಲ್ಲೇ ಇತ್ತು. ಬೂಟು ಗೋಲಿನೊಳಗೆ ಹೋಗಿ ಬಿತ್ತು. ಹುಡುಗರಲ್ಲಿ ಯಾರೂ ನಗಲಿಲ್ಲ. ಒಬ್ಬ ಮಾತ್ರ ಅದನ್ನು ಎತ್ತಿ ತಂದು, "ಗೋಲೇ ಸಾ," ಅಂದ.

ನೇರವಾಗಿ ಸಂತೆ ಬೀದಿಯಲ್ಲಿ ಚಪ್ಪಲಿ ಹೊಲಿಯುವ ಮಾದಯ್ಯನ ಹತ್ತಿರ ಹೋದೆ. ಅವನು ಬೂಟಿನೊಳಗಿನ ರೇಷ್ಮೆಯನ್ನೆಲ್ಲ ಹೊರತೆಗೆದು ಎಳೆದು ಎಳೆದು ನೋಡಿದ.

"ಜಾರೋ ಕಾಲ್ಗೆ ಜಾರೋ ರೇಷ್ಮೆ ಇಟ್ಟಿದ್ದೀರಲ್ಲ ಸಾ. ಬೂಟು ನಿಮ್ಮಳತೇದೇ ಕಣ್ರಿ. ಇಮ್ಮಡೀನ ನೆಲಕ್ಕೆ ಕುಟ್ಟಿ ಇಂದಕ್ಕೆ ಕೂರ್ಸಿ, ಆಮ್ಯಾಕೆ ದಾರ ಬಿಗೀರಿ."

ಹಾಗೇ ಮಾಡಿದೆ. ಕಾಲು ಅಲ್ಲಾಡದಂತೆ ಕೂತಿತು.

"ಏನ್ ಕೆಲ್ಸ ಸಾ ನಿಮ್ದು?" ಅಂತ ಕೇಳಿದ. ಡ್ರಿಲ್ ಮೇಷ್ಟ್ರು ಅನ್ನಲು ನಾಚಿಕೆಯಾಗಿ, ಸಂಸ್ಕೃತ ಪಂಡಿತ ಅಂದೆ.

ಮಾದಯ್ಯ ನನ್ನ ಕೊರಳಲ್ಲಿ ನೇತಾಡುತ್ತಿದ್ದ ಸೀಟಿಯನ್ನೇ ನೋಡುತ್ತಾ, "ಅಂಗಾರೆ ಸರಿ ಬುಡಿ," ಅಂದ.