ಷಡ್ಡಕನ ರಾಟೆ

ನನ್ನ ಷಡ್ಡಕ ಲೋವ್ರೊನ ಬಗ್ಗೆ ನಾಲ್ಕು ಒಳ್ಳೆ ಮಾತು ಬರೆಯುವ ಹಣೆಬರಹ ನನ್ನದಾಗಿದೆ. ಹೊಟ್ಟೆಕಿಚ್ಚಿನಿಂದಲೇ ಬರೆಯುತ್ತಿದ್ದೇನೆ, ಮುಚ್ಚಿಡುವುದೇನು? ಇಪ್ಪತ್ತು ವರ್ಷದಲ್ಲಿ ಅವನನ್ನು ನೋಡಿ ನನ್ನ ಹೊಟ್ಟೆ ಉರಿದಷ್ಟು ನಮ್ಮ ಮನೆಯ ಒಲೆಯೂ ಉರಿದಿಲ್ಲ.

ಮಾವ ಫ್ಲೋರ್ಯಾನ್ ಅವರಿಗೆ ಇಬ್ಬರೇ ಹೆಣ್ಣುಮಕ್ಕಳು. ದೊಡ್ಡವಳು ಪೊಲೋನಾಳನ್ನು ನಾನು ಕಟ್ಟಿಕೊಂಡೆ, ಚಿಕ್ಕವಳನ್ನು ಲೋವ್ರೊ. ಪೊಹೊರ್ಯೆ ಬೆಟ್ಟದಲ್ಲಿ ಮಾವನಿಗೆ ಸ್ಪ್ರೂಸ್ ಮರಗಳ ದೊಡ್ಡ ಕಾಡಿದೆ. ಪತ್ರದಲ್ಲಿ ಯಾರ ಹೆಸರೇ ಇರಲಿ, ನಮ್ಮ ಮನೆಯಲ್ಲಿ ಕಾಡಿನ ಯಜಮಾನಿಕೆ ಎಂದರೆ ಕೊಕ್ಕೆಗೋಲು. ದಿಮ್ಮಿಗೆ ಕಚ್ಚಿಸಿ ಎಳೆಯುವ, ಕಬ್ಬಿಣದ ಮೂತಿಯ ಕೋಲು ಅದು. ಮೂರು ತಲೆಮಾರಿನ ಬೆವರು ಕುಡಿದು ಅದರ ಹಿಡಿ ಕಪ್ಪಾಗಿತ್ತು. "ಈ ಚಳಿಗಾಲ ಮುಗಿಯೋದ್ರೊಳಗೆ ಇದನ್ನ ನಿಮ್ಮಿಬ್ಬರಲ್ಲಿ ಒಬ್ಬನ ಕೈಗೆ ಕೊಡ್ತೀನಿ" ಎಂದು ಮಾವ ಅಂದ ದಿನದಿಂದ ನನಗೆ ಊಟ ರುಚಿಸಲಿಲ್ಲ.

ಹುಟ್ಟಾ ಕಾಡಿನವನು ನಾನು. ಲೋವ್ರೊ ಪೇಟೆಯವನು, ಸ್ಕೀ ಲಿಫ್ಟ್‌ನಲ್ಲಿ ಹಗ್ಗ, ಗಾಲಿ ನೋಡಿಕೊಳ್ಳುವ ಕೆಲಸ. ಮಾತು ಕಡಿಮೆ. ಕಣ್ಣಿಗೆ ಬಿದ್ದ ಕಬ್ಬಿಣವನ್ನೆಲ್ಲ ತಿರುಗಿಸಿ ಅದರ ಮೇಲೆ ಒತ್ತಿದ ಅಂಕಿ ಓದುವ ಚಾಳಿ. ಮದುವೆಯ ದಿನ ಚರ್ಚಿನಲ್ಲೂ ದೀಪದ ಗೊಂಚಲಿನ ಸರಪಳಿ ನೋಡುತ್ತ ನಿಂತುಬಿಟ್ಟ; ಪಾದ್ರಿಗಳು ಎರಡು ಸಲ ಹೆಸರು ಹಿಡಿದು ಕರೆಯಬೇಕಾಯಿತು. ಇಂಥವನನ್ನು ಹೆಂಗಸರು "ಪಾಪ, ಎಷ್ಟು ಸಾಧು" ಅನ್ನುತ್ತಾರೆ. ನಾನು ಸುಮ್ಮನಿದ್ದರೆ ಮಾತ್ರ "ಯಾಕೆ, ಮೈ ಸರಿ ಇಲ್ವಾ?" ಅನ್ನುತ್ತಾರೆ.

ನವೆಂಬರ್ ಗಾಳಿಗೆ ಕಾಡಿನಲ್ಲಿ ನೂರಾರು ಮರ ಉರುಳಿದವು. ಟ್ರ್ಯಾಕ್ಟರಿನ ವಿಂಚಿಗೆ, ಅಂದರೆ ಉಕ್ಕಿನ ಹಗ್ಗ ಸುತ್ತಿ ದಿಮ್ಮಿ ಎಳೆಯುವ ಯಂತ್ರಕ್ಕೆ, ಹೊಸ ರಾಟೆ ಬೇಕಾಗಿ ನಾವಿಬ್ಬರೂ ಪೇಟೆಯ ಅಂಗಡಿಗೆ ಹೋದೆವು. ನಮ್ಮ ವಿಂಚು ಐದು ಟನ್ ಎಳೆಯುವಂಥದ್ದು. ನಾನು ಐದು ಟನ್ ಎಂದು ಬರೆದಿದ್ದ ಕೆಂಪು ರಾಟೆ ಎತ್ತಿಕೊಂಡೆ. ಐದಕ್ಕೆ ಐದು. ನನ್ನ ಅಪ್ಪ ಹಾಗೆಯೇ ಕೊಂಡಿದ್ದರು, ಅಕ್ಕಪಕ್ಕದವರೆಲ್ಲ ಹಾಗೆಯೇ ಕೊಳ್ಳುತ್ತಿದ್ದರು. ಲೋವ್ರೊ ಮೂಲೆಯಲ್ಲಿದ್ದ ಬೂದು ಬಣ್ಣದ ಗುಂಡುಕಲ್ಲಿನಂಥ ರಾಟೆ ತಿರುಗಿಸಿ ನೋಡುತ್ತಿದ್ದ.

"ಇದರ ಮೇಲೆ ಹತ್ತು ಟನ್ ಅಂತಿದೆಯಲ್ಲ ತಂಗಿ, ಅದು ಮುರಿಯೋ ತೂಕವೋ, ಕೆಲಸ ಮಾಡೋ ತೂಕವೋ?" ಎಂದು ಅಂಗಡಿಯ ಹುಡುಗಿಯನ್ನು ಕೇಳಿದ.

ಅವಳು ಒಳಗೆ ಹೋಗಿ ಕಾಗದ ಹುಡುಕಿ, ಕೆಲಸದ ತೂಕವೇ ಎಂದು ತಿಳಿದುಕೊಂಡು ಬರುವಷ್ಟರಲ್ಲಿ ಅರ್ಧ ಗಂಟೆ ಆಯಿತು.

"ಚರ್ಚಿನ ಗಂಟೆ ಎತ್ತೋಕೇನೋ ಇದು?" ಎಂದೆ.

"ಹಗ್ಗ ಮಡಚಿ ಎಳೆಯೋಕೆ ಭಾವ" ಎಂದ. ನಾನು ಕೆಂಪನ್ನು ಕೊಂಡೆ, ಅವನು ತನ್ನ ದುಡ್ಡಿನಲ್ಲಿ ಬೂದನ್ನು ಕೊಂಡ.

ಡಿಸೆಂಬರಿನಲ್ಲಿ ಮಾವನ ಮನೆಯಲ್ಲಿ ಹಂದಿ ಕೊಯ್ದ ದಿನ ನಾನೇ ಮಾತು ತೆಗೆದೆ. ಸಾಸೇಜ್ ತುಂಬುತ್ತ, ಎಲ್ಲರೆದುರು, ಷಡ್ಡಕನ ಗುಂಡುಕಲ್ಲಿನ ಕತೆ ಹೇಳಿ ನಗಿಸಿದೆ. ಲೋವ್ರೊ ಕೈ ಒರೆಸಿಕೊಂಡು ಎದ್ದ. ತೊಲೆಯಿಂದ ಮಾಂಸ ತೂಗುವ ಸ್ಪ್ರಿಂಗ್ ತಕ್ಕಡಿ ತೂಗಾಡುತ್ತಿತ್ತು. ಅದರ ಕೊಕ್ಕೆಗೆ ಒಂದು ಸಣ್ಣ ರಾಟೆ ಸಿಕ್ಕಿಸಿ, ಹಗ್ಗ ಹಾಯಿಸಿ, ಒಂದು ತುದಿಗೆ ಕೊಬ್ಬಿನ ಬಕೆಟ್ ಕಟ್ಟಿ, ಇನ್ನೊಂದು ತುದಿಯನ್ನು ತಾನು ಕೆಳಕ್ಕೆ ಜಗ್ಗಿ ಹಿಡಿದ.

"ಮಾವ, ಬಕೆಟ್ ಎಷ್ಟು ತೂಗಿದ್ರಿ?"

"ಹತ್ತು ಕಿಲೋ."

"ಈಗ ಮುಳ್ಳು ನೋಡಿ."

ಮುಳ್ಳು ಇಪ್ಪತ್ತೊಂದಕ್ಕೆ ನಿಂತಿತ್ತು. "ಒಂದು ಕಿಲೋ ರಾಟೆದೇ. ಉಳಿದ ಇಪ್ಪತ್ತರಲ್ಲಿ ಹತ್ತು ಬಕೆಟ್ಟಿಂದು, ಹತ್ತು ನನ್ನ ಕೈದು" ಎಂದ ಲೋವ್ರೊ. "ವಿಂಚು ಐದು ಟನ್ ಎಳೆದ್ರೆ, ಹಗ್ಗ ಪೂರ್ತಿ ಹಿಂದಕ್ಕೆ ಮಡಚಿದಾಗ ರಾಟೆ ಮೇಲೆ ಹತ್ತು ಟನ್ ಬೀಳುತ್ತೆ ಭಾವ. ಅದು ಕಿತ್ತು ಬಂದ್ರೆ ಹಗ್ಗ ಮಡಿಕೆಯ ಒಳಗಡೆಗೇ ಹೊಡೆಯುತ್ತೆ. ಅಲ್ಲಿ ಯಾರೂ ನಿಲ್ಬಾರ್ದು."

"ನೀನು ಹಂದಿ ವ್ಯಾಪಾರಕ್ಕೆ ಇಳೀಬೇಡ ಮಾರಾಯ, ಹತ್ತಕ್ಕೆ ಇಪ್ಪತ್ತು ತೋರಿಸ್ತೀಯ" ಎಂದು ಮಾವ ನಕ್ಕರು. ಆದರೆ ನಕ್ಕಾದ ಮೇಲೆ ಇನ್ನೊಮ್ಮೆ ಮುಳ್ಳಿನ ಕಡೆ ನೋಡಿದರು. ಆ ನೋಟ ಕಂಡು ಕೊಕ್ಕೆಗೋಲು ನನ್ನ ಕೈ ಬಿಟ್ಟುಹೋಯಿತು ಅಂದುಕೊಂಡೆ.

ಸಂಜೆ ಹೊರಡುವಾಗ ಲೋವ್ರೊ ತನ್ನ ಬೂದು ರಾಟೆಯನ್ನು ನನ್ನ ಟ್ರ್ಯಾಕ್ಟರಿನ ಪೆಟ್ಟಿಗೆಯಲ್ಲಿಟ್ಟ. "ನನಗೆ ಈ ವಾರವೆಲ್ಲ ಲಿಫ್ಟ್ ಕೆಲಸ. ಇದು ನಿಮ್ಮ ಹತ್ರ ಇರ್ಲಿ ಭಾವ" ಎಂದ. ಉಪಕಾರ ಬೇರೆ! ಬೈದಿದ್ದರೆ ಎಷ್ಟೋ ಹಿತವಾಗಿರುತ್ತಿತ್ತು.

ಮರುದಿನ ಮಾವ ಮತ್ತು ನಾನು ಕಾಡಿಗೆ ಹೋದೆವು. ರಸ್ತೆಯ ಪಕ್ಕದಲ್ಲೇ ದೊಡ್ಡ ಸ್ಪ್ರೂಸ್ ದಿಮ್ಮಿಯೊಂದು ಬಂಡೆಗೆ ಸಿಕ್ಕಿಕೊಂಡಿತ್ತು. ಅದನ್ನು ಮೊದಲು ಮೇಲಕ್ಕೆ ಎಳೆದು ಬಿಡಿಸಬೇಕು. ಹಾಗಾಗಿ ಟ್ರ್ಯಾಕ್ಟರಿನಿಂದ ಹೊರಟ ಉಕ್ಕಿನ ಹಗ್ಗ ದಿಬ್ಬದ ಮೇಲಿನ ಮರದ ಬುಡಕ್ಕೆ ಕಟ್ಟಿದ ರಾಟೆ ಸುತ್ತಿ, ಮಡಚಿಕೊಂಡು ಪುನಃ ಕೆಳಗೆ ದಿಮ್ಮಿಗೇ ಬರಬೇಕಿತ್ತು. ಪೆಟ್ಟಿಗೆ ತೆರೆದೆ. ಕೆಂಪು, ಬೂದು ಎರಡೂ ಅಕ್ಕಪಕ್ಕ ಇದ್ದವು. ಅವನ ರಾಟೆಯಿಂದ ಎಳೆದ ದಿಮ್ಮಿ ಅವನ ಲೆಕ್ಕಕ್ಕೇ ಹೋಗುತ್ತದೆ ಅನ್ನಿಸಿತು. ಕೆಂಪನ್ನು ಕಟ್ಟಿದೆ.

ಮಾವ ಕೊಕ್ಕೆಗೋಲು ಹಿಡಿದು ಮಡಚಿದ ಹಗ್ಗದ ಎರಡು ಎಳೆಗಳ ನಡುವೆ, ಮಡಿಕೆಯ ಒಳಗೇ ನಿಂತರು. ದಿಮ್ಮಿ ನೋಡಿಕೊಳ್ಳಲು ಅವರು ಯಾವಾಗಲೂ ನಿಲ್ಲುವ ಜಾಗ ಅದೇ; ಹಿಂದಿನ ದಿನ ಕೇಳಿದ್ದನ್ನು ನಗುವಿನಲ್ಲೇ ಮರೆತಿದ್ದರು. ನನಗೆ ಲೋವ್ರೊನ ಮಾತು ಕಿವಿಯಲ್ಲಿತ್ತು. ಬಾಯಿ ಬಿಡಲಿಲ್ಲ. ಬಿಟ್ಟರೆ ಅವನು ಗೆದ್ದಂತಾಗುತ್ತಿತ್ತು.

ವಿಂಚು ಎಳೆಯಿತು. ಹಗ್ಗ ಬಿಗಿಯಾಯಿತು, ದಿಮ್ಮಿ ಅಲ್ಲಾಡಲಿಲ್ಲ. ಮೇಲೆ ನೋಡಿದೆ. ಕೆಂಪು ರಾಟೆಯ ಗಾಲಿಯನ್ನು ಎರಡು ಬದಿಯಿಂದ ಹಿಡಿದಿದ್ದ ಕಬ್ಬಿಣದ ಕೆನ್ನೆಗಳು ನಿಧಾನಕ್ಕೆ ಬಾಯಿ ಬಿಡುತ್ತಿದ್ದವು. ತಕ್ಷಣ ಹಗ್ಗ ಸಡಿಲ ಬಿಟ್ಟೆ.

"ಏನಾಯ್ತೋ?" ಎಂದರು ಮಾವ. ಅವರ ಕಣ್ಣಿಗೆ ಅಷ್ಟು ದೂರ ಕಾಣುವುದಿಲ್ಲ.

"ಹಗ್ಗ ಜಾರಿತು ಮಾವ" ಎಂದೆ.

ಹತ್ತಿ ಹೋಗಿ ಬೂದು ರಾಟೆ ಕಟ್ಟಿದೆ. ಕೆಂಪನ್ನು ಪೆಟ್ಟಿಗೆಯಲ್ಲಿ ಚಿಂದಿಯ ಕೆಳಗೆ ತುರುಕಿದೆ. ಆಮೇಲೆ, "ಮಾವ, ಅಲ್ಲಿಂದ ಈಚೆ ಬನ್ನಿ, ಹಗ್ಗ ಹೊಡೆದೀತು" ಎಂದು ಕೂಗಿದೆ. ಅವರು ಬಂದರು. ದಿಮ್ಮಿ ಬೆಣ್ಣೆಯಿಂದ ಕೂದಲು ತೆಗೆದಷ್ಟು ಸುಲಭವಾಗಿ ಎದ್ದು ಬಂತು.

ಮಾವ ದಿಮ್ಮಿಯ ಕಡೆಯೊಮ್ಮೆ, ತಾವು ನಿಂತಿದ್ದ ಜಾಗದ ಕಡೆಯೊಮ್ಮೆ ನೋಡಿದರು. ಆಮೇಲೆ ಕೊಕ್ಕೆಗೋಲನ್ನು ನನ್ನ ಕೈಗಿತ್ತರು.

"ಐವತ್ತು ವರ್ಷದಿಂದ ಆ ಜಾಗದಲ್ಲಿ ನಿಲ್ತಾ ಇದೀನಿ. ಈಚೆ ಬನ್ನಿ ಅಂತ ಕೂಗಿದವನು ನೀನೊಬ್ಬನೇ" ಎಂದರು.

ಭಾನುವಾರ ಲೋವ್ರೊ ತನ್ನ ರಾಟೆ ಒಯ್ಯಲು ನಮ್ಮ ಮನೆಗೆ ಬಂದ. ಗೋಡೆಯ ಮೇಲೆ ಕೊಕ್ಕೆಗೋಲು ನೋಡಿ, "ಒಳ್ಳೇದಾಯ್ತು ಭಾವ" ಎಂದು ಮನಸಾರೆ ನನ್ನ ಕೈ ಕುಲುಕಿದ. ಅಂಗಳದಲ್ಲಿದ್ದ ಟ್ರ್ಯಾಕ್ಟರಿನ ಪೆಟ್ಟಿಗೆ ತೆರೆದ. ಚಿಂದಿಯ ಕೆಳಗೆ ಅವನ ಕೈಗೆ ಕೆಂಪು ರಾಟೆ ಸಿಕ್ಕಿತು. ಚಾಳಿಯಂತೆ ಅಂಕಿ ಓದಲು ತಿರುಗಿಸಿದ. ಅಗಲಿದ ಕೆನ್ನೆ, ಗಾಲಿಯ ನಡುವಿನ ಬಾಗಿದ ಗೂಟ ನೋಡಿದ.

"ಆಗ ಮಾವ ಎಲ್ಲಿ ನಿಂತಿದ್ರು?" ಎಂದು ಮೆಲ್ಲಗೆ ಕೇಳಿದ.

"ಮಡಿಕೆಯ ಒಳಗೆ" ಎಂದೆ.

ಅವನು ಟ್ರ್ಯಾಕ್ಟರಿನ ಮೆಟ್ಟಿಲ ಮೇಲೆ ಕುಕ್ಕರಿಸಿಬಿಟ್ಟ. ಅಷ್ಟರಲ್ಲಿ, ನಮ್ಮಲ್ಲಿಗೆ ಊಟಕ್ಕೆ ಬಂದಿದ್ದ ಮಾವ ಸೇಬಿನ ಮದ್ಯದ ಜಗ್ ಹಿಡಿದು ಅಂಗಳಕ್ಕೆ ಬಂದರು. "ಏನ್ರೋ ಇಬ್ಬರೂ ಹೆಣ ಕಂಡವರ ಹಾಗೆ ಇದೀರಿ?" ಎಂದರು.

"ಏನಿಲ್ಲ ಮಾವ, ನನ್ನ ರಾಟೆ ತಗೊಂಡು ಹೋಗೋಕೆ ಬಂದೆ" ಎಂದ ಲೋವ್ರೊ. ಕೆಂಪನ್ನೂ ಬೂದನ್ನೂ ಒಟ್ಟಿಗೆ ತನ್ನ ಚೀಲಕ್ಕೆ ಹಾಕಿ, ಬಾಯಿ ಬಿಗಿದು ಕಟ್ಟಿ, ಹೆಗಲಿಗೇರಿಸಿಕೊಂಡು ಹೊರಟ.

ಕೊಕ್ಕೆಗೋಲು ನನ್ನ ಗೋಡೆಯ ಮೇಲೇ ಇತ್ತು. ಆ ಭಾರದ ಚೀಲ ಹೊತ್ತು ಇಳಿಜಾರಿನಲ್ಲಿ ಹೋಗುತ್ತಿದ್ದವನನ್ನು ನೋಡುತ್ತ ನಿಂತೆ. ಅವತ್ತು ಉರಿದಷ್ಟು ನನ್ನ ಹೊಟ್ಟೆ ಹಿಂದೆಂದೂ ಉರಿದಿರಲಿಲ್ಲ.