ಕಸದ ಬಾಗಿಲು

ಮೂವತ್ತೊಂದು ವರ್ಷದಲ್ಲಿ ಒಂದೇ ಒಂದು ಭಾನುವಾರವೂ ಆ ಚರ್ಚಿನ ಗಂಟೆ ತಪ್ಪಿರಲಿಲ್ಲ. ಬಾರಿಸುವವಳೂ ಅವಳೇ, ನೆಲ ಗುಡಿಸುವವಳೂ ಅವಳೇ. ಹೆತ್ತವರಿಟ್ಟ ಹೆಸರು ಮರೆತೇಹೋಗಿ ಎಲ್ಲರ ಬಾಯಲ್ಲೂ ಗಂಟೆಯಕ್ಕ ಆಗಿಬಿಟ್ಟಿದ್ದಳು. ಜ್ವರವಿದ್ದರೂ ಕಿವಿಗೆ ಬಟ್ಟೆ ಸುತ್ತಿಕೊಂಡು ಬಂದು ಹಗ್ಗ ಎಳೆದ ಗಟ್ಟಿಗಿತ್ತಿ.

ಹಾಗಂತ ಆ ಚರ್ಚೇನೂ ಅವಳನ್ನು ತಲೆಯ ಮೇಲೆ ಹೊತ್ತು ಮೆರೆಸಿರಲಿಲ್ಲ. ಗಂಡ ಬಿಟ್ಟುಹೋದಾಗ ಇದೇ ಹಿರಿಯರು, ಇವಳದೇ ಏನೋ ತಪ್ಪಿರಬೇಕು ಎಂದು ಮೂರು ವರ್ಷಗಳ ಕಾಲ ಕೊನೆಯ ಬೆಂಚಿಗೆ ತಳ್ಳಿದ್ದರು. ಆ ಬೆಂಚಿನಲ್ಲೇ ಕಣ್ಣು ಕಾಣದ ಅಜ್ಜಿಯೊಬ್ಬಳು ವಾರವಾರವೂ ಅವಳ ಕೈ ಹಿಡಿದು ಕೂತಿದ್ದಳು, ಒಂದೂ ಪ್ರಶ್ನೆ ಕೇಳದೆ. ಬೇರೆ ಚರ್ಚಿಗೆ ಹೋಗೋಣ ಬಾ ಎಂದು ಮಗಳು ಕರೆದಾಗಲೆಲ್ಲ ಗಂಟೆಯಕ್ಕ, "ಕೈಬಿಟ್ಟಿದ್ದೂ ಇಲ್ಲೇ, ಕೈಹಿಡಿದಿದ್ದೂ ಇಲ್ಲೇ. ನಾನ್ಯಾಕೆ ಬರ್ಲಿ ಹೋಗೇ," ಎನ್ನುತ್ತಿದ್ದಳು.

ಈಗ ನೋಡಿ, ಚರ್ಚಿನ ಸಭೆಯೇ ಎರಡು ಹೋಳು. ಅಧ್ಯಕ್ಷರ ಕುರ್ಚಿ ಕಾರ್ಯದರ್ಶಿಗೋ ಖಜಾಂಚಿಗೋ ಎಂಬ ಜಗಳದಲ್ಲಿ ಒಡಹುಟ್ಟಿದವರೇ ಮುಖ ತಿರುಗಿಸಿಕೊಂಡಿದ್ದರು. ಶನಿವಾರ ಸಂಜೆ ಕಾರ್ಯದರ್ಶಿಯ ಕಡೆಯವರು ದೊಡ್ಡ ಬಾಗಿಲಿಗೆ ಬೀಗ ಜಡಿದರು. ಅದರ ಮೇಲೆ ಖಜಾಂಚಿಯ ಕಡೆಯವರದು ಇನ್ನೊಂದು. ಪಕ್ಕದ ಬಾಗಿಲಿಗೂ ಹಾಗೆಯೇ. ಪಾಸ್ಟರು ಇಬ್ಬರ ಕೈಕಾಲು ಹಿಡಿದು, ಇಬ್ಬರಿಂದಲೂ ಬೈಸಿಕೊಂಡು ಮನೆಗೆ ಹೋದರು.

ಅಯ್ಯೋ ಜಾಣರೇ! ಒಂದು ಬಾಗಿಲನ್ನು ಮರೆತಿದ್ದರು. ಗಂಟೆಗೋಪುರದ ಹಿಂದೆ ಸೊಂಟದೆತ್ತರದ್ದೊಂದು ಇತ್ತು, ಗುಡಿಸಿದ ಕಸವನ್ನು ಹೊರಗೆ ತಳ್ಳಲಿಕ್ಕೆ. ಎರಡೂ ಕಡೆಯಲ್ಲಿ ಒಬ್ಬನಾದರೂ ಒಂದು ದಿನವಾದರೂ ಪೊರಕೆ ಹಿಡಿದಿದ್ದರೆ ತಾನೆ ಅದು ನೆನಪಾಗುವುದು! ಅದರ ಕೀಲಿ ಗಂಟೆಯಕ್ಕನ ಹತ್ತಿರ ಇತ್ತು.

ಭಾನುವಾರ ಬೆಳಿಗ್ಗೆ ಗೇಟಿನ ಎಡಕ್ಕೊಂದು ಗುಂಪು, ಬಲಕ್ಕೊಂದು ಗುಂಪು ದುರುಗುಟ್ಟುತ್ತಾ ನಿಂತಿದ್ದಾಗ ಗಂಟೆ ಢಣ್ ಎಂದಿತು. ಎಲ್ಲರೂ ಹಿತ್ತಲಿಗೆ ಓಡಿದರು. ಅಲ್ಲಿ ಕಸದ ಬಾಗಿಲು ತೆರೆದಿತ್ತು, ಪಕ್ಕದಲ್ಲಿ ಪೊರಕೆ ಹಿಡಿದ ಗಂಟೆಯಕ್ಕ.

"ಯಾರನ್ನ ಕೇಳಿ ಬಾರಿಸ್ದೆ? ನೀನು ಯಾರ ಕಡೆ?" ಕಾರ್ಯದರ್ಶಿ ಗುಡುಗಿದ.

"ಇಷ್ಟು ವರ್ಷ ಯಾರನ್ನೂ ಕೇಳಿಲ್ಲ. ಇವತ್ತೇನು ಹೊಸದಾಗಿ ಕೇಳೋದು?"

"ಕೆಲಸದಿಂದ ತೆಗೆದುಹಾಕ್ತೀವಿ," ಎಂದ ಖಜಾಂಚಿ. ಕಾರ್ಯದರ್ಶಿ ಹೌದೌದು ಎಂದು ತಲೆಯಾಡಿಸಿದ.

"ಅಬ್ಬಾ, ಒಂದು ವಿಷಯಕ್ಕಾದ್ರೂ ಒಂದಾದ್ರಲ್ಲ! ತೆಗೀರಿ ಸ್ವಾಮಿ, ಆರಾಧನೆ ಮುಗಿದ ಮೇಲೆ ಧಾರಾಳವಾಗಿ ತೆಗೀರಿ. ಬರೋರು ಬಗ್ಗಿ ಬನ್ನಿ, ತಲೆ ಜೋಪಾನ."

ಯಾರೂ ಕದಲಲಿಲ್ಲ. ಯಾರೂ ಬಾರದಿದ್ದರೆ ಬೇಡ, ಒಬ್ಬಳೇ ಕೂತು ಪ್ರಾರ್ಥನೆ ಮಾಡುತ್ತೇನೆ, ಭಾನುವಾರವನ್ನು ಮಾತ್ರ ತಪ್ಪಿಸುವುದಿಲ್ಲ ಎಂದು ಗಂಟೆಯಕ್ಕ ಹಲ್ಲು ಕಚ್ಚಿ ನಿಂತಳು.

ಅಷ್ಟರಲ್ಲಿ ಪಾಸ್ಟರು ಗುಂಪನ್ನು ಸೀಳಿಕೊಂಡು ಬಂದವರೇ ನಿಲುವಂಗಿ ಎತ್ತಿಕಟ್ಟಿ, ಅಂಬೆಗಾಲಿಡುತ್ತಾ ಒಳಗೆ ನುಸುಳಿದರು. ಹಿಂದೆಯೇ ಕಾರ್ಯದರ್ಶಿಯ ಮುದಿ ತಾಯಿ. ಖಜಾಂಚಿಯ ಹೆಂಡತಿ ಆ ಮುದುಕಿಯ ಸೊಂಟ ಹಿಡಿದು ದಾಟಿಸಿ, ತಾನೂ ನುಗ್ಗಿದಳು. ಆಮೇಲೆ ತಡೆಯುವವರೇ ಇರಲಿಲ್ಲ.

ಕೊನೆಗೆ ಹೊರಗೆ ಉಳಿದವರು ಇಬ್ಬರೇ, ಜೇಬಿನಲ್ಲಿ ಬೀಗದ ಕೈ ಇದ್ದವರು. ಒಳಗೆ ಹಾಡು ಶುರುವಾಗಿತ್ತು. ಗಂಟೆಯಕ್ಕ ಬಾಗಿಲು ಮುಚ್ಚಲಿಲ್ಲ. ಹೊಸ್ತಿಲನ್ನು ಇನ್ನೊಂದು ಸಲ ಗುಡಿಸಿ, ಪಕ್ಕಕ್ಕೆ ಸರಿದು ನಿಂತಳು.

"ಮಂಡಿಗೆ ಮಣ್ಣಾಗಲ್ಲ, ಬನ್ನಿ," ಎಂದಳು.